ನಮ್ಮನೆ ಮೀನುಗಳ ಬಗ್ಗೆ ಬಂದವರೆಲ್ಲ ಕೇಳುವ ಪ್ರಶ್ನೆಗಳು

ಮೈಸೂರಿನ ನಮ್ಮ ಮನೆಗೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ಮೀನಿನ ಟ್ಯಾಂಕ್. ಹಾಗಾಗಿ ಬಂದವರು ನಮಗಿಂತ ಮೊದಲು ಮೀನಿನ ಯೋಗಕ್ಷೇಮ ವಿಚಾರಿಸುತ್ತಾರೆ. ಆರು ವರ್ಷದಿಂದ ಅವೇ ಪ್ರಶ್ನೆ, ಅವೇ ಉತ್ತರ. ಹೇಳಿ ಮುಗಿಸುವಷ್ಟರಲ್ಲಿ ಕಾಫಿ ಆರಿರುತ್ತದೆ. ಒಂದು ಸಲ ಕೂತು ಬರೆದಿಟ್ಟುಬಿಡೋಣ ಅನ್ನಿಸಿತು. ಮುಂದಿನ ಸಲ ಬರುವವರಿಗೆ ಕಾಫಿ ಲೋಟದ ಜೊತೆ ಇದನ್ನೂ ಕೊಡುತ್ತೇನೆ.

ನಾನು ಮೀನಿನ ಪಂಡಿತಳೇನಲ್ಲ. ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುವವಳು. ಲಾಭ ನಷ್ಟದ ಪಟ್ಟಿ ಬರೆಯುವುದು ಗೊತ್ತು. ಮೀನಿನ ವಿಷಯದಲ್ಲಿ ಮೊದಲ ವರ್ಷ ಬರೀ ನಷ್ಟ.

ನಾಯಿ ಸಾಕೋದು ಬಿಟ್ಟು ಮೀನು ಯಾಕೆ?

ಮಗ ಕೇಳಿದ್ದು ನಾಯಿಯನ್ನೇ. ಅತ್ತೆಗೆ ಮಡಿ. ನಮ್ಮನೆಯವರಿಗೆ ಬೆಳಗ್ಗೆ ತಮ್ಮನ್ನು ತಾವೇ ವಾಕಿಂಗ್ ಕರೆದುಕೊಂಡು ಹೋಗಲು ಆಗುತ್ತಿಲ್ಲ, ಇನ್ನು ನಾಯಿಯನ್ನೆಲ್ಲಿ? ಕೊನೆಗೆ ಮೀನಿಗೆ ರಾಜಿಯಾಯಿತು. ಬೊಗಳಲ್ಲ, ಕೂದಲು ಉದುರಿಸಲ್ಲ, ಸೋಫಾ ಹತ್ತಲ್ಲ. ‘ಏನೂ ಕೆಲಸ ಇರಲ್ಲ ಮೇಡಂ’ ಅಂತ ಅಂಗಡಿಯವನೂ ಹೇಳಿದ.

ಒಂದಿದ್ದ ಟ್ಯಾಂಕ್ ಈಗ ಮೂರಾಗಿದೆ. ಹಾಲ್‌ನಲ್ಲಿ ಮೂರು ಅಡಿಯದು, ಅದರಲ್ಲಿ ಎರಡು ಗೋಲ್ಡ್ ಫಿಶ್: ಗುಂಡ ಮತ್ತು ಪುಟ್ಟಿ. ಊಟದ ಮೇಜಿನ ಹತ್ತಿರ ಎರಡು ಅಡಿಯದು, ಅದರಲ್ಲಿ ಗಪ್ಪಿಗಳು. ಎಷ್ಟು ಅಂತ ಕೇಳಬೇಡಿ, ಎಣಿಸಿ ಮುಗಿಸುವುದರೊಳಗೆ ಲೆಕ್ಕ ಬದಲಾಗಿರುತ್ತದೆ. ಪುಸ್ತಕದ ಕಪಾಟಿನ ಪಕ್ಕ 20 ಲೀಟರಿನ ಚಿಕ್ಕದೊಂದು, ಅದರಲ್ಲಿ ಫೈಟರ್ ಒಬ್ಬನೇ. ನಾಯಿಯಾಗಿದ್ದರೆ ಒಂದಕ್ಕೇ ನಿಲ್ಲುತ್ತಿತ್ತು.

ಪಾಪ, ಹಸಿದ ಹಾಗಿದೆ. ಊಟ ಹಾಕಿದ್ದೀರಾ?

ಹಾಕಿದ್ದೇವೆ. ನೀವು ಬರುವ ಹತ್ತು ನಿಮಿಷ ಮೊದಲು ಹಾಕಿದ್ದೇವೆ. ನಿಮ್ಮನ್ನು ಕಂಡು ಗಾಜಿನ ಹತ್ತಿರ ಬಂದು ಬಾಯಿ ಬಾಯಿ ಬಿಡುತ್ತಿರುವುದು ಗುಂಡ. ಅವನು ವರ್ಷದ 365 ದಿನವೂ ಹಾಗೆಯೇ.

ಗೋಲ್ಡ್ ಫಿಶ್‌ಗೆ ಹೊಟ್ಟೆ ಅನ್ನುವ ಚೀಲವೇ ಇಲ್ಲ. ಇದು ಬೈಗುಳವಲ್ಲ, ಅದರ ಒಡಲ ರಚನೆಯೇ ಹಾಗೆ. ಗಂಟಲೊಳಗಿನ ಹಲ್ಲಿನಲ್ಲಿ ಅರೆದದ್ದು ನೇರವಾಗಿ ಕರುಳಿಗೆ ಇಳಿಯುತ್ತದೆ. ನಮ್ಮ ಹಾಗೆ ಉಂಡು, ತೇಗಿ, ‘ಸಾಕಪ್ಪ’ ಅಂತ ಎಲೆ ಮಡಚುವ ಸುಖ ಅದಕ್ಕೆ ಗೊತ್ತಿಲ್ಲ. ಕೊಟ್ಟಷ್ಟೂ ತಿನ್ನುತ್ತದೆ. ತಿಂದಿದ್ದೆಲ್ಲ ಅದೇ ನೀರಿಗೆ ಬರುತ್ತದೆ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಹಾಕಿದರೆ ಬೇಕಾದಷ್ಟಾಯಿತು.

ಇದನ್ನು ನಮ್ಮ ಅತ್ತೆಗೆ ಒಪ್ಪಿಸಲು ನನಗೆ ಎರಡು ವರ್ಷ ಹಿಡಿಯಿತು. ‘ಬಾಯಿ ಬಿಟ್ಟು ಕೇಳ್ತಿದೆ ಕಣೇ, ಮೂಕ ಪ್ರಾಣಿ’ ಅಂತ ಅವರು ಬೆಳಗ್ಗೆ ಪೂಜೆ ಮುಗಿಸಿ ಒಂದು ಚಿಟಿಕೆ. ಮಗ ಶಾಲೆಗೆ ಹೊರಡುವಾಗ ಒಂದು ಚಿಟಿಕೆ. ನಮ್ಮನೆಯವರು ಆಫೀಸಿಂದ ಬಂದು ಒಂದು ಚಿಟಿಕೆ. ಯಾರಿಗೂ ಇನ್ನೊಬ್ಬರು ಹಾಕಿದ್ದು ಗೊತ್ತಿಲ್ಲ. ಹೇಳುವುದು ಗುಂಡನ ಕೆಲಸವಲ್ಲ. ಒಂದೇ ವಾರದಲ್ಲಿ ನೀರು ಗಂಜಿಯ ಹಾಗೆ ಬೆಳ್ಳಗಾಯಿತು.

ಶೃಂಗೇರಿಗೆ ಹೋದಾಗ ಅತ್ತೆ ತುಂಗೆಯ ಮೆಟ್ಟಿಲಲ್ಲಿ ಕೂತು ಮೀನುಗಳಿಗೆ ಮಂಡಕ್ಕಿ ಹಾಕಿದ್ದರು. ‘ಅಲ್ಲಿ ದಿನಾ ಸಾವಿರ ಜನ ಹಾಕ್ತಾರೆ, ಏನಾಗಿದೆ?’ ಅಂತ ಕೇಳಿದರು. ಅಲ್ಲಿ ಹಿಂದೆ ಇಡೀ ನದಿ ಹರಿಯುತ್ತಿದೆ ಅತ್ತೆ, ಇಲ್ಲಿ ನಾನು ಬಕೆಟ್ ಹಿಡಿದು ನಿಂತಿದ್ದೇನೆ ಅಂದೆ. ಅದು ಅವರಿಗೆ ನಾಟಿತು. ಈಗ ಫ್ರಿಜ್ ಮೇಲೆ ಒಂದು ಪಟ್ಟಿ ಅಂಟಿಸಿದ್ದೇವೆ, ಹಾಕಿದವರು ಸಹಿ ಮಾಡಬೇಕು. ಭಾನುವಾರ ಮೀನಿಗೆ ಉಪವಾಸ. ಏಕಾದಶಿ ಮಾಡುವವರಿಗೆ ಇದು ಅರ್ಥವಾಗದ ವಿಷಯವೇನಲ್ಲ, ಸುಮ್ನೆ ಎರಡು ವರ್ಷ ವಾದ ಮಾಡಿದೆ.

ಇದಾದ ಮೇಲೆ ಮನೆಗೆ ಬಂದ ನೆಂಟರಿಗೆ ‘ಇನ್ನೊಂದು ಹೋಳಿಗೆ, ಇನ್ನೊಂದೇ’ ಅಂತ ಬಲವಂತ ಮಾಡುವುದನ್ನೂ ನಾನು ಬಿಟ್ಟೆ. ನೆಂಟರು ಬೇಜಾರು ಮಾಡಿಕೊಂಡಿದ್ದಾರೆ. ಮೀನುಗಳು ಚೆನ್ನಾಗಿವೆ.

ನೀರು ಎಷ್ಟು ದಿನಕ್ಕೊಮ್ಮೆ ಪೂರ್ತಿ ಬದಲಾಯಿಸುತ್ತೀರಿ?

ಯಾವತ್ತೂ ಇಲ್ಲ. ಇಲ್ಲಿ ಸ್ವಲ್ಪ ಕೂತ್ಕೊಳ್ಳಿ, ಇದು ಉದ್ದದ ಕತೆ.

ಮೊದಲ ಟ್ಯಾಂಕ್ ತಂದಿದ್ದು ಒಂದು ಭಾನುವಾರ. ಅವತ್ತೇ ಕಲ್ಲು ತೊಳೆದು, ನಲ್ಲಿ ನೀರು ತುಂಬಿಸಿ, ಬಾಯಿ ತೆರೆದು ಗುಳ್ಳೆ ಬಿಡುವ ನಿಧಿ ಪೆಟ್ಟಿಗೆ ಇಟ್ಟು, ಹಿಂದೆ ಸಮುದ್ರದ ಚಿತ್ರ ಅಂಟಿಸಿ, ಸಂಜೆಯೊಳಗೆ ಎಂಟು ಮೀನು ಬಿಟ್ಟಾಗಿತ್ತು. ಗೃಹಪ್ರವೇಶವಾದಷ್ಟು ಸಂಭ್ರಮ. ಬುಧವಾರ ಒಂದು ಹೋಯಿತು. ನನಗೆ ಗಾಬರಿ. ಗಲೀಜಿಗೇ ಸತ್ತಿರಬೇಕು ಅಂತ ಎಲ್ಲ ಖಾಲಿ ಮಾಡಿ, ಕಲ್ಲು, ಫಿಲ್ಟರ್, ಪೆಟ್ಟಿಗೆ ಎಲ್ಲವನ್ನೂ ನಲ್ಲಿ ಕೆಳಗೆ ಉಜ್ಜಿ ಉಜ್ಜಿ ತೊಳೆದೆ. ಫಳಫಳ ಹೊಳೆಯಿತು. ಶುಕ್ರವಾರ ಇನ್ನೆರಡು ಹೋದವು. ಮತ್ತೆ ತೊಳೆದೆ. ಹೀಗೆ ನಾನು ತೊಳೆದಷ್ಟೂ ಅವು ಸತ್ತವು, ಅವು ಸತ್ತಷ್ಟೂ ನಾನು ತೊಳೆದೆ. ತಿಂಗಳು ಮುಗಿಯುವಾಗ ಎಂಟರಲ್ಲಿ ಉಳಿದಿದ್ದು ಒಂದು. ಅವನೇ ಗುಂಡ. ಅವನು ಯಾಕೆ ಉಳಿದ ಅಂತ ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಹಟ ಇರಬೇಕು.

ಆಮೇಲೆ ಬೇರೆ ಅಂಗಡಿಯ ಹಿರಿಯರೊಬ್ಬರು ಇದನ್ನೆಲ್ಲ ಕೇಳಿ ನಕ್ಕರು. ‘ಅಮ್ಮಾ, ನೀವು ಮೀನು ಸಾಕಬೇಡಿ. ನೀರು ಸಾಕಿ. ಮೀನು ಅದರ ಪಾಡಿಗೆ ಅದು ಇರುತ್ತೆ’ ಅಂದರು.

ಅವರು ವಿವರಿಸಿದ್ದು ಇಷ್ಟು. ಮೀನು ತಿಂದಿದ್ದರ ಕಸ ಅಮೋನಿಯಾ ಆಗಿ, ಜಾಸ್ತಿ ಪಾಲು ಕಿವಿರಿನಿಂದಲೇ ನೀರಿಗೆ ಸೇರುತ್ತದೆ. ಅದು ಮೀನಿಗೆ ವಿಷ. ನೀರಿನಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾ ಬೆಳೆದು ಅದನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಇನ್ನೊಂದು ಜಾತಿ ಬಂದು ಅದನ್ನು ನೈಟ್ರೇಟ್ ಮಾಡುತ್ತವೆ. ಅದು ಅಷ್ಟೇನೂ ಕೆಟ್ಟದ್ದಲ್ಲ, ಗಿಡಗಳು ಹೀರಿಕೊಳ್ಳುತ್ತವೆ, ಉಳಿದದ್ದು ನಾವು ವಾರಕ್ಕೊಮ್ಮೆ ಕಾಲು ಭಾಗ ನೀರು ತೆಗೆದು ಹೊಸದು ಹಾಕಿದರೆ ಹೋಗುತ್ತದೆ. ಈ ಬ್ಯಾಕ್ಟೀರಿಯಾಗಳು ಫಿಲ್ಟರ್ ಸ್ಪಾಂಜಿನಲ್ಲಿ, ಕಲ್ಲಿನ ಮೇಲೆ ಮನೆ ಮಾಡಲು ನಾಲ್ಕರಿಂದ ಆರು ವಾರ ಬೇಕು. ನಾನು ಏನು ಮಾಡಿದ್ದೆ? ನಾಲ್ಕು ದಿನಕ್ಕೊಮ್ಮೆ ಅವುಗಳ ಮನೆಯನ್ನು ನಲ್ಲಿಯ ಕ್ಲೋರಿನ್ ನೀರಿನಲ್ಲಿ ಉಜ್ಜಿದ್ದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ದೊಣ್ಣೆ ನನ್ನ ಕೈಯಲ್ಲೇ ಇತ್ತು, ಹಳದಿ ಬಣ್ಣದ ಸ್ಕ್ರಬ್ಬರ್ ರೂಪದಲ್ಲಿ.

ಈಗ ಕ್ರಮ ಹೀಗಿದೆ. ಹಿಂದಿನ ರಾತ್ರಿ ಬಕೆಟ್ಟಿನಲ್ಲಿ ನೀರು ಹಿಡಿದು, ಕ್ಲೋರಿನ್ ತೆಗೆಯುವ ಹನಿ ಹಾಕಿ ಇಡುವುದು. ಶನಿವಾರ ಕಾಲು ಭಾಗ ಬದಲಾಯಿಸುವುದು. ಸ್ಪಾಂಜ್ ಕೊಳೆಯಾದರೆ ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಎರಡು ಸಲ ಹಿಂಡುವುದು. ಅಷ್ಟೇ. ಸ್ಪಾಂಜ್ ಕಂದು ಬಣ್ಣಕ್ಕಿದೆ, ನೋಡಲು ಅಸಹ್ಯ, ಮುಟ್ಟಬೇಡಿ. ಆ ಕೊಳೆಯೇ ಇಡೀ ಟ್ಯಾಂಕನ್ನು ನಡೆಸುತ್ತಿದೆ.

ನಮ್ಮ ಕಾಲೇಜಿಗೆ ಒಬ್ಬರು ಹೊಸಬರು ಬಂದು, ಬಂದ ವಾರವೇ ಎಲ್ಲ ಬದಲಾಯಿಸಲು ಹೊರಟಾಗ ನನಗೆ ಸ್ಪಾಂಜ್ ನೆನಪಾಯಿತು. ಮೂವತ್ತು ವರ್ಷದಿಂದ ಇದ್ದ ಅಟೆಂಡರನ್ನು ಮೊದಲು ಬೇರೆ ಕಡೆ ಹಾಕಿದರು. ಹದಿನೈದು ದಿನ ಯಾವ ಬೀಗದ ಕೈ ಎಲ್ಲಿದೆ ಅಂತ ಯಾರಿಗೂ ಸಿಗಲಿಲ್ಲ.

ಮೀನು ನೀರು ಕುಡಿಯುತ್ತಾ?

ಸಿಹಿ ನೀರಿನ ಮೀನು ಹೆಚ್ಚುಕಡಿಮೆ ಕುಡಿಯುವುದೇ ಇಲ್ಲ. ಕಿವಿರು, ಚರ್ಮದ ಮೂಲಕ ನೀರು ತಾನೇ ಒಳಗೆ ನುಗ್ಗುತ್ತದೆ, ಅದನ್ನು ಹೊರಗೆ ಹಾಕುವುದೇ ಅದಕ್ಕೆ ದೊಡ್ಡ ಕೆಲಸ. ಸಮುದ್ರದ ಮೀನಿನದು ಉಲ್ಟಾ. ಅದು ಕುಡಿದೇ ಬದುಕಬೇಕು, ಉಪ್ಪನ್ನು ಕಿವಿರಿನಿಂದ ಹೊರಗೆ ತಳ್ಳಬೇಕು. ಸುತ್ತ ಇರುವುದೆಲ್ಲ ಒಳಗೆ ಬರಲು ಬಿಟ್ಟರೆ ಯಾರೂ ಉಳಿಯಲ್ಲ ಅನ್ನಿ. ನಮ್ಮ ಬೀದಿಯ ಸುದ್ದಿಗಳ ವಿಷಯದಲ್ಲಿ ನಾನು ಸಿಹಿ ನೀರಿನ ಮೀನು. ಬೇಡ ಅಂದರೂ ಒಳಗೆ ಬರುತ್ತವೆ.

ಗೋಲ್ಡ್ ಫಿಶ್‌ಗೆ ಮೂರು ಸೆಕೆಂಡ್ ಮಾತ್ರ ನೆನಪಂತೆ, ಹೌದಾ?

ಶುದ್ಧ ಸುಳ್ಳು. ತಿಂಗಳುಗಟ್ಟಲೆ ನೆನಪಿಟ್ಟುಕೊಳ್ಳುತ್ತವೆ ಅಂತ ಪ್ರಯೋಗಗಳಲ್ಲಿ ಕಂಡಿದೆ. ಅಷ್ಟು ದೂರ ಯಾಕೆ, ಮೀನಿನ ಕಾಳಿನ ಡಬ್ಬಿಯ ಮುಚ್ಚಳದ ಸದ್ದು ಗುಂಡನಿಗೆ ಗೊತ್ತು. ಸಕ್ಕರೆ ಡಬ್ಬಿ ತೆಗೆದರೆ ತಿರುಗಿಯೂ ನೋಡಲ್ಲ. ಕಪಾಟಿನಲ್ಲಿ ಯಾವ ಡಬ್ಬಿ ಯಾವುದು ಅಂತ ನಮ್ಮನೆಯವರಿಗೆ ಮದುವೆಯಾಗಿ ಹದಿನೆಂಟು ವರ್ಷವಾದರೂ ಗೊತ್ತಿಲ್ಲ.

2022ರಲ್ಲಿ ಇನ್ನೊಂದು ಸುದ್ದಿ ಬಂತು. ಇಸ್ರೇಲಿನ ಬೆನ್ ಗುರಿಯನ್ ವಿಶ್ವವಿದ್ಯಾಲಯದವರು ಆರು ಗೋಲ್ಡ್ ಫಿಶ್‌ಗಳಿಗೆ ಗಾಡಿ ಓಡಿಸುವುದು ಕಲಿಸಿದರು. ನೀರಿನ ತೊಟ್ಟಿಗೆ ಚಕ್ರ, ಮೇಲೆ ಕ್ಯಾಮೆರಾ. ಮೀನು ಯಾವ ಕಡೆ ಈಜುತ್ತದೋ ಗಾಡಿ ಆ ಕಡೆ ಹೋಗುತ್ತದೆ. ಗುರಿ ಮುಟ್ಟಿದರೆ ತಿಂಡಿ. ಹೊರಡುವ ಜಾಗ ಬದಲಾಯಿಸಿದರೂ ಅವು ದಾರಿ ಕಂಡುಕೊಂಡವು. ಗೋಡೆಗೆ ಢಿಕ್ಕಿ ಹೊಡೆದರೆ ಮತ್ತೆ ತಿರುಗಿಸಿಕೊಂಡು ಹೊರಟವು. ಈ ಸುದ್ದಿ ಓದಿ ನಮ್ಮನೆಯವರು, ‘ಸಿಲ್ಕ್ ಬೋರ್ಡ್‌ನಲ್ಲಿ ಓಡಿಸಲಿ ನೋಡೋಣ’ ಅಂದರು. ಬೆಂಗಳೂರಿಗೆ ಹೋದಾಗಲೆಲ್ಲ ಕಾರನ್ನು ಅಕ್ಕನ ಮನೆ ಮುಂದೆ ನಿಲ್ಲಿಸಿ ಆಟೋ ಹತ್ತುವವರು ಅವರು.

ಈ ನೀಲಿ ಮೀನು ಒಬ್ಬನೇ ಯಾಕಿದ್ದಾನೆ? ಜೊತೆ ತರಬಾರದಾ?

ಇವನು ಫೈಟರ್. ಹುಟ್ಟೂರು ಥಾಯ್ಲೆಂಡ್ ಕಡೆ. ಅಲ್ಲಿ 2019ರಲ್ಲಿ ಇವನನ್ನು ರಾಷ್ಟ್ರೀಯ ಜಲಚರ ಅಂತ ಘೋಷಿಸಿದ್ದಾರೆ. ಜಂಬಕ್ಕೆ ಕಾರಣವಿದೆ. ಇನ್ನೊಂದು ಗಂಡನ್ನು ಬಿಟ್ಟರೆ ರಕ್ತಪಾತ, ಹೆಣ್ಣನ್ನು ಬಿಟ್ಟರೂ ಮೊಟ್ಟೆಯಾದ ಮೇಲೆ ಓಡಿಸುತ್ತಾನೆ. ಮಗ ಇಟ್ಟ ಹೆಸರು ದುರ್ಯೋಧನ. ನೀರೊಳಗೆ ಕೂತರೂ ತಣ್ಣಗಾಗದವನು ಅಂತ.

ರಾತ್ರಿ ಹಾಲ್‌ನ ದೀಪ ಆರಿಸಿ ಟ್ಯಾಂಕಿನ ದೀಪ ಮಾತ್ರ ಉರಿಯುವಾಗ ನೋಡಬೇಕು. ಗಾಜಿನಲ್ಲಿ ತನ್ನದೇ ಬಿಂಬ ಕಾಣುತ್ತದೆ. ಕಿವಿರು ಅಗಲಿಸಿ, ರೆಕ್ಕೆ ಬಿಚ್ಚಿ, ಬಾಲ ಕೊಡವಿ ಯುದ್ಧಕ್ಕೆ ನಿಲ್ಲುತ್ತಾನೆ. ಎದುರಿಗಿರುವವನೂ ಅಷ್ಟೇ ಉಬ್ಬುತ್ತಾನಲ್ಲ, ಇವನಿಗೆ ಇನ್ನೂ ಸಿಟ್ಟು. ಅದೇ ಹೊತ್ತಿಗೆ ಸೋಫಾದಲ್ಲಿ ನಮ್ಮನೆಯವರು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಪಾರ್ಕಿಂಗ್ ವಿಷಯಕ್ಕೆ ಟೈಪ್ ಮಾಡುತ್ತಾ ಕೂತಿರುತ್ತಾರೆ. ಮುಖದ ಮೇಲೆ ಅದೇ ನೀಲಿ ಬೆಳಕು. ಟ್ಯಾಂಕಿನ ದೀಪ ಆರಿಸಿದರೆ ದುರ್ಯೋಧನ ಒಂದು ನಿಮಿಷದಲ್ಲಿ ಶಾಂತ. ವೈಫೈ ಆರಿಸಿ ನೋಡಿದೆ, ಮೊಬೈಲ್ ಡೇಟಾ ಹಾಕಿಕೊಂಡರು.

ಇವನ ಇನ್ನೊಂದು ಮುಖವೂ ಇದೆ. ಈ ಜಾತಿಯಲ್ಲಿ ಬಾಣಂತನವೆಲ್ಲ ಅಪ್ಪನದು. ಮೇಲ್ಮೈಯಲ್ಲಿ ಬಾಯಿಂದ ಗುಳ್ಳೆ ಊದಿ ಊದಿ ಗೂಡು ಕಟ್ಟುತ್ತಾನೆ. ಮೊಟ್ಟೆಗಳನ್ನು ಬಾಯಲ್ಲಿ ಎತ್ತಿ ಅದರಲ್ಲಿ ಇಡುತ್ತಾನೆ. ಕೆಳಗೆ ಬಿದ್ದರೆ ಮತ್ತೆ ಎತ್ತಿಡುತ್ತಾನೆ. ಮರಿ ಈಜುವವರೆಗೂ ಕಾವಲು. ನಮ್ಮ ದುರ್ಯೋಧನನಿಗೆ ಹೆಣ್ಣಿಲ್ಲ, ಸಂಬಂಧ ನೋಡಿಯೂ ಇಲ್ಲ, ಆದರೂ ತಿಂಗಳಿಗೆ ಎರಡು ಸಲ ಗೂಡು ಕಟ್ಟುತ್ತಾನೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುವುದರಲ್ಲಿ ಮೊದಲರ್ಧ ಮಾತ್ರ. ನೀರು ಬದಲಾಯಿಸುವಾಗ ಗೂಡು ಒಡೆದುಹೋಗುತ್ತದೆ. ಅವನು ನನ್ನನ್ನು ಒಂದು ಸಲ ನೋಡುತ್ತಾನೆ. ಮತ್ತೆ ಶುರು.

ಅಂದಹಾಗೆ, ಇವನಿಗೆ ಕಿವಿರಿನ ಜೊತೆ ಮೇಲಿನ ಗಾಳಿಯನ್ನೂ ಉಸಿರಾಡುವ ಅಂಗವಿದೆ. ಅದಕ್ಕೇ ಅಂಗಡಿಗಳಲ್ಲಿ ಲೋಟದಷ್ಟು ಡಬ್ಬಿಯಲ್ಲಿಟ್ಟು ಮಾರುತ್ತಾರೆ. ಸಾಯುವುದಿಲ್ಲ ನಿಜ. ಬಸ್‌ಸ್ಟ್ಯಾಂಡ್ ಬೆಂಚಿನ ಮೇಲೆ ಮಲಗಿದರೆ ನಾವೂ ಸಾಯುವುದಿಲ್ಲ.

ಗಪ್ಪಿ ತಾನು ಹೆತ್ತ ಮರಿಯನ್ನೇ ತಿನ್ನುತ್ತಂತೆ?

ತಿನ್ನುತ್ತದೆ. ಗಪ್ಪಿ ಮೊಟ್ಟೆ ಇಡುವುದಿಲ್ಲ, ನೇರ ಮರಿ ಹಾಕುತ್ತದೆ. ಹೆತ್ತ ಐದು ನಿಮಿಷಕ್ಕೆ ಹಸಿವಾದರೆ ಎದುರಿಗೆ ಸಿಕ್ಕಿದ್ದನ್ನು ನುಂಗುತ್ತದೆ. ಇದನ್ನು ಮೊದಲ ಸಲ ನೋಡಿದಾಗ ಅತ್ತೆ ಎರಡು ದಿನ ಆ ಟ್ಯಾಂಕಿನ ಕಡೆ ಮುಖ ಹಾಕಲಿಲ್ಲ. ಮೂರನೇ ದಿನ ‘ಪಾಪ, ಅದಕ್ಕೆ ಬಾಣಂತನ ಮಾಡೋರು ಯಾರಿದ್ದಾರೆ’ ಅಂತ ತಾವೇ ಕ್ಷಮಿಸಿದರು. ದಟ್ಟವಾಗಿ ಪಾಚಿಗಿಡ ಹಾಕಿದರೆ ಮರಿಗಳು ಅಡಗಿ ಬದುಕುತ್ತವೆ. ಹಾಕಿದೆವು. ಅದೇ ತಪ್ಪಾಯಿತು.

ಹೆಣ್ಣು ಗಪ್ಪಿ ಸುಮಾರು ತಿಂಗಳಿಗೊಮ್ಮೆ ಹೆರುತ್ತದೆ. ಒಂದು ಸಲ ಗಂಡಿನ ಜೊತೆ ಸೇರಿದರೆ ಸಾಕು, ವೀರ್ಯವನ್ನು ಒಳಗೇ ಕಾಪಿಟ್ಟು ತಿಂಗಳುಗಟ್ಟಲೆ ಹೆರುತ್ತಾ ಹೋಗಬಲ್ಲದು. ಅಂಗಡಿಯವನು ‘ಬರೀ ಹೆಣ್ಣು ತಗೊಳ್ಳಿ, ಮರಿ ಆಗಲ್ಲ’ ಅಂದಾಗ ನಂಬಿದವಳು ನಾನು. ಮೂರು ತಂದಿದ್ದೆ. ನಾಲ್ಕನೇ ತಿಂಗಳಿಗೆ ಎಪ್ಪತ್ತು ದಾಟಿತು. ಚಕ್ರಬಡ್ಡಿ ಹೇಗೆ ಬೆಳೆಯುತ್ತದೆ ಅಂತ ಪಾಠ ಮಾಡಲು ಈಗ ನನಗೆ ಬೇರೆ ಉದಾಹರಣೆ ಬೇಡ.

ಮೊದಮೊದಲು ಅಕ್ಕಪಕ್ಕದವರಿಗೆ ಪ್ರೀತಿಯಿಂದ ಹಂಚಿದೆ. ಆಮೇಲೆ ನಾನು ಪ್ಲಾಸ್ಟಿಕ್ ಕವರ್ ಹಿಡಿದು ಲಿಫ್ಟಿನಿಂದ ಇಳಿದರೆ ಬಾಗಿಲು ಹಾಕಿಕೊಳ್ಳಲು ಶುರು ಮಾಡಿದರು. ಗೌರಿ ಹಬ್ಬದ ಬಾಗಿನದಲ್ಲಿ ಒಂದೊಂದು ಜೊತೆ ಇಟ್ಟುಬಿಡೋಣ ಅನ್ನುವಷ್ಟಕ್ಕೆ ಬಂದಿತ್ತು. ಕೊನೆಗೆ ಒಂದಷ್ಟನ್ನು ಇಟ್ಟುಕೊಂಡು, ಉಳಿದದ್ದನ್ನು ಅಂಗಡಿಗೇ ಬಿಟ್ಟಿ ಕೊಟ್ಟು ಬಂದೆ. ನಮ್ಮಲ್ಲಿ ಆರೋಗ್ಯ ಇಲಾಖೆಯವರು ಸೊಳ್ಳೆ ಮರಿ ತಿನ್ನಲಿ ಅಂತ ಬಾವಿ, ತೊಟ್ಟಿಗಳಿಗೆ ಗಪ್ಪಿ ಬಿಡುವುದುಂಟು. ನಿಜಕ್ಕೂ ಚೆನ್ನಾಗಿ ತಿನ್ನುತ್ತವೆ. ಬಕೆಟ್ಟಿನಲ್ಲಿ ಸೊಳ್ಳೆ ಹುಳ ಕಂಡರೆ ನಾನೂ ಹಾಕುತ್ತೇನೆ. ಅವತ್ತು ಅವಕ್ಕೆ ಹಬ್ಬ.

ಮೀನಿದ್ದರೆ ಮನೆಗೆ ಒಳ್ಳೆಯದಂತೆ. ವಾಸ್ತು ಪ್ರಕಾರ ಎಲ್ಲಿಟ್ಟಿದ್ದೀರಿ?

ಪ್ಲಗ್ ಪಾಯಿಂಟ್ ಇರುವ ಕಡೆ. ಬಿಸಿಲು ನೇರ ಬೀಳದ ಕಡೆ, ಇಲ್ಲದಿದ್ದರೆ ಪಾಚಿ ಕಟ್ಟುತ್ತದೆ. ಗಟ್ಟಿ ನೆಲದ ಮೇಲೆ. ಒಂದು ಲೀಟರ್ ನೀರು ಒಂದು ಕಿಲೋ, ಹಾಲ್‌ನ ಟ್ಯಾಂಕಿನಲ್ಲಿ 150 ಲೀಟರ್ ಇದೆ, ಕಲ್ಲು, ಗಾಜು ಬೇರೆ. ಯಾವ ದಿಕ್ಕಿಗಿದ್ದರೂ ಸ್ಟ್ಯಾಂಡ್ ಮುರಿದರೆ ಮನೆಗೆ ಒಳ್ಳೆಯದಲ್ಲ.

ಪರಿಚಯದವರೊಬ್ಬರು ಅದೃಷ್ಟಕ್ಕೆ ಅಂತ ಫ್ಲವರ್‌ಹಾರ್ನ್ ತಂದರು. ಹಣೆಯ ಮೇಲೆ ದೊಡ್ಡ ಬುರುಡೆ ಇರುತ್ತದಲ್ಲ, ಅದು. 1990ರ ದಶಕದಲ್ಲಿ ಮಲೇಷ್ಯಾ ಕಡೆ ಬೇರೆ ಬೇರೆ ಮೀನುಗಳನ್ನು ಕೂಡಿಸಿ ಮಾಡಿದ ಮಿಶ್ರತಳಿ ಅದು. ಬುರುಡೆ ದೊಡ್ಡದಾದಷ್ಟೂ ಬೆಲೆ ಜಾಸ್ತಿ, ಅದೃಷ್ಟ ಜಾಸ್ತಿ ಅಂತ ನಂಬಿಕೆ. ಆ ಮೀನಿನ ಬುರುಡೆ ಚೆನ್ನಾಗಿಯೇ ಬೆಳೆಯಿತು. ಇವರ ಖರ್ಚೂ ಬೆಳೆಯಿತು. ಅದೃಷ್ಟ ಬಂದಿದ್ದು ಮಾರಿದವನಿಗೆ ಅಂತ ಅವರೇ ಈಗ ನಗುತ್ತಾರೆ.

ಮೀನು ಸತ್ತರೆ ‘ಮನೆಗೆ ಬರಬೇಕಿದ್ದ ಕಷ್ಟ ಅದು ತಗೊಂಡು ಹೋಯ್ತು’ ಅಂತ ಹೇಳುವವರಿದ್ದಾರೆ. ಆ ಲೆಕ್ಕದಲ್ಲಿ ಮೊದಲ ತಿಂಗಳೇ ನಮಗೆ ಏಳು ಕಂಟಕ ಕಳೆದಿತ್ತು. ಅತ್ತೆ ಸಮಾಧಾನಕ್ಕೆ ಹಾಗೆ ಹೇಳಿದಾಗ ನಾನೂ ತಲೆಯಾಡಿಸಿದೆ. ಕಷ್ಟ ಕೊಟ್ಟವಳೂ ನಾನೇ, ತಗೊಂಡು ಹೋದದ್ದು ಅವು.

ಕ್ಲೀನ್ ಮಾಡುವ ಮೀನು ಇದೆಯಲ್ಲ, ಅದನ್ನು ಬಿಟ್ಟರೆ ಕೆಲಸ ಕಮ್ಮಿ ಅಲ್ವಾ?

ಸಕ್ಕರ್ ಬಗ್ಗೆ ಕೇಳುತ್ತಿದ್ದೀರಿ. ಅಂಗಡಿಯಲ್ಲಿ ಬೆರಳುದ್ದ ಇರುತ್ತದೆ. ಗಾಜಿಗೆ ಬಾಯಿ ಅಂಟಿಸಿ ಪಾಚಿ ನೆಕ್ಕುತ್ತಾ ಇರುತ್ತದೆ, ನೋಡಿದರೆ ಎಷ್ಟು ಶ್ರಮಜೀವಿ ಅನ್ನಿಸುತ್ತದೆ. ಬೆಳೆದರೆ ಒಂದು ಅಡಿ ದಾಟುತ್ತದೆ. ದೊಡ್ಡದಾದ ಮೇಲೆ ಪಾಚಿ ಬಿಟ್ಟು ಉಳಿದವರ ಕಾಳಿಗೆ ಬರುತ್ತದೆ. ತಿಂದು ಅದು ಹಾಕುವ ಕಸ ಇಡೀ ಟ್ಯಾಂಕಿನ ಉಳಿದ ಮೀನುಗಳದ್ದಕ್ಕಿಂತ ಜಾಸ್ತಿ. ಸ್ವಚ್ಛತಾ ಸಮಿತಿ ಮಾಡಿದರೆ ಸಮಿತಿಯ ಚಹಾ ಲೋಟ ತೊಳೆಯಲು ಇನ್ನೊಬ್ಬರನ್ನು ಇಡಬೇಕಾದ ಕತೆ.

ನಾನು ಒಂದು ತಂದಿದ್ದೆ. ಒಂದೂವರೆ ವರ್ಷದಲ್ಲಿ ನನ್ನ ಮೊಣಕೈ ಉದ್ದ ಆಗಿ, ಗೆಳತಿಯ ತೋಟದ ಮನೆಯ ಸಿಮೆಂಟ್ ತೊಟ್ಟಿಗೆ ಹೋಯಿತು. ತೊಟ್ಟಿ ಕ್ಲೀನ್ ಆಗಿದೆಯಾ ಅಂತ ಕೇಳಿಲ್ಲ.

ಸಾಕಾದರೆ ಕೆರೆಗೆ ಬಿಡಬಹುದಾ?

ಖಂಡಿತ ಬೇಡ. ಹಾಗೆ ‘ಪಾಪ’ ಅಂತ ಬಿಟ್ಟ ಸಕ್ಕರ್ ಮೀನುಗಳು ನಮ್ಮ ದೇಶದ ಎಷ್ಟೋ ಕೆರೆ, ನದಿಗಳಲ್ಲಿ ಬೆಳೆದು ಊರ ಮೀನಿನ ಜಾಗ ಹಿಡಿದಿವೆ. ಬಲೆಗೆ ಸಿಕ್ಕರೆ ಅದರ ಮುಳ್ಳು ಬಲೆಯನ್ನೇ ಹರಿಯುತ್ತದೆ, ಮಾರಿದರೆ ಕೊಳ್ಳುವವರಿಲ್ಲ. ಬೇಡದಿದ್ದರೆ ಅಂಗಡಿಗೆ ವಾಪಸ್ ಕೊಡಿ. ದುಡ್ಡು ಕೇಳಬೇಡಿ, ತಗೊಳ್ಳುತ್ತಾರೆ.

ಇದನ್ನು ತಿನ್ನಬಹುದಾ?

ಈ ಪ್ರಶ್ನೆ ಮಂಗಳೂರಿನ ನನ್ನ ಸಹೋದ್ಯೋಗಿಯದು. ಪ್ರತಿ ಸಲ ಕೇಳುತ್ತಾರೆ, ಗುಂಡನ ಮೈ ಅಳೆಯುವ ಹಾಗೆ ನೋಡುತ್ತಾರೆ. ಗೋಲ್ಡ್ ಫಿಶ್ ಗೆಂಡೆ ಮೀನಿನ ಬಳಗದ್ದೇ. ಮಾಸಲು ಬಣ್ಣದ ಮೀನಿನಲ್ಲಿ ಅಪರೂಪಕ್ಕೆ ಹುಟ್ಟುತ್ತಿದ್ದ ಕೆಂಪು ಹಳದಿಯವನ್ನು ಆರಿಸಿ ಆರಿಸಿ ಚೀನಾದವರು ಸಾವಿರ ವರ್ಷದ ಹಿಂದೆಯೇ ಸಾಕತೊಡಗಿದರು. ಅಂದರೆ ಬಣ್ಣ ಚೆನ್ನಾಗಿದೆ ಅನ್ನುವ ಒಂದೇ ಕಾರಣಕ್ಕೆ ಸಾರಿನಿಂದ ತಪ್ಪಿಸಿಕೊಂಡ ಮನೆತನ ಇದು. ಅತ್ತೆಯ ಎದುರು ಈ ಪ್ರಶ್ನೆ ಕೇಳಬೇಡಿ.

ಮೀನು ನಿದ್ದೆ ಮಾಡುತ್ತಾ?

ಮಾಡುತ್ತದೆ. ರೆಪ್ಪೆ ಇಲ್ಲದ್ದರಿಂದ ಕಣ್ಣು ಬಿಟ್ಟೇ. ನನ್ನ ತರಗತಿಯ ಕೊನೆಯ ಬೆಂಚಿನವರಿಗೂ ಈ ವಿದ್ಯೆ ಬರುತ್ತದೆ. ರಾತ್ರಿಯೆಲ್ಲ ದೀಪ ಉರಿಸಬೇಡಿ.

ಕರೆಂಟ್ ಹೋದರೆ?

ಒಂದೆರಡು ಗಂಟೆ ಏನೂ ಆಗಲ್ಲ. ಜಾಸ್ತಿ ಹೊತ್ತಾದರೆ ನೀರಿನ ಮೇಲ್ಮೈ ಕದಡಬೇಕು, ಗಾಳಿ ಬೆರೆಯುವುದು ಅಲ್ಲೇ. ಬ್ಯಾಟರಿಯ ಏರ್ ಪಂಪ್ ಸಿಗುತ್ತದೆ. ಅದು ನಮಗೆ ಗೊತ್ತಿಲ್ಲದ ಕಾಲದಲ್ಲಿ ಒಂದು ಮಳೆಗಾಲದ ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಪಕ್ಕದಲ್ಲಿ ನಮ್ಮನೆಯವರಿಲ್ಲ. ಹಾಲ್‌ಗೆ ಬಂದು ನೋಡಿದೆ. ಮೇಣದ ಬತ್ತಿ ಹಚ್ಚಿಟ್ಟುಕೊಂಡು, ಸ್ಟೂಲ್ ಮೇಲೆ ನಿಂತು, ಮಗ್ಗಿನಲ್ಲಿ ನೀರು ಮೊಗೆದು ಮೊಗೆದು ಮೇಲಿಂದ ಅದೇ ಟ್ಯಾಂಕಿಗೆ ಸುರಿಯುತ್ತಿದ್ದರು. ಒಂದೂವರೆ ಗಂಟೆಯಿಂದ ಅಂತೆ. ಮೀನು ತಂದಾಗ ‘ನನಗೂ ಇದಕ್ಕೂ ಸಂಬಂಧವಿಲ್ಲ’ ಅಂದಿದ್ದವರು.

ವಾಟ್ಸಾಪ್ ಜಗಳದ ಬಗ್ಗೆ ಮೇಲೆ ಬರೆದಿದ್ದನ್ನು ಇದರ ಜೊತೆ ಸೇರಿಸಿ ಓದಿಕೊಳ್ಳಿ.

ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ?

ಯಾರೂ ಇಲ್ಲ. ಆರೋಗ್ಯವಾಗಿರುವ ದೊಡ್ಡ ಮೀನು ಒಂದು ವಾರ ಊಟವಿಲ್ಲದೆ ಆರಾಮಾಗಿ ಇರುತ್ತದೆ. ಹಿಂದೊಮ್ಮೆ ಒಬ್ಬರಿಗೆ ಕೀಲಿ ಕೊಟ್ಟು, ದಿನಕ್ಕೆ ಒಂದು ಚಿಟಿಕೆ ಹಾಕಿ ಅಂತ ಹೇಳಿ ಹೋಗಿದ್ದೆವು. ಅವರಿಗೆ ದಿನಾ ಬರಲು ಬಿಡುವಾಗಲಿಲ್ಲ. ಹಾಗಾಗಿ ಐದು ದಿನದ್ದು ಒಟ್ಟಿಗೆ ಹಾಕಿ ಹೋದರು. ಲೆಕ್ಕ ಸರಿಯಾಗಿಯೇ ಇತ್ತು, ಕಾಮರ್ಸ್ ಓದಿದವರು.

ಅಪರೂಪದ ಫಾರಿನ್ ಮೀನು ಯಾವುದೂ ಇಲ್ವಾ?

ಗಪ್ಪಿ ದಕ್ಷಿಣ ಅಮೆರಿಕದ ಕಡೆಯದು, ಗೋಲ್ಡ್ ಫಿಶ್ ಚೀನಾದ್ದು, ಫೈಟರ್ ಥಾಯ್ಲೆಂಡಿನದು. ನಮ್ಮನೆಯಲ್ಲಿ ಫಾರಿನ್ ಅಲ್ಲದ್ದು ನಾವೇ.

ಆದರೆ ನನ್ನ ಪ್ರಶ್ನೆ ಬೇರೆ. ಮೈಮೇಲೆ ಕೆಂಪು ಗೆರೆ, ಕಪ್ಪು ಗೆರೆ ಇರುವ ‘ಮಿಸ್ ಕೇರಳ’ ಅನ್ನುವ ಮೀನನ್ನು ನೋಡಿದ್ದೀರಾ? ಕೇರಳ ಮತ್ತು ಕರ್ನಾಟಕದ ಪಶ್ಚಿಮ ಘಟ್ಟದ ತೊರೆಗಳಲ್ಲಿ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಸಹಜವಾಗಿ ಹುಟ್ಟುವುದಿಲ್ಲ. 1865ರಲ್ಲಿ ಫ್ರಾನ್ಸಿಸ್ ಡೇ ಅದಕ್ಕೆ ಆಗಿನ ಮದ್ರಾಸ್ ಗವರ್ನರ್ ಡೆನಿಸನ್ ಹೆಸರಿಟ್ಟರು. ಹೊರದೇಶದ ಮೀನು ಸಾಕುವವರು ಇದಕ್ಕೆ ಮರುಳಾಗಿ, ತೊರೆಗಳಿಂದ ಹಿಡಿದು ಹಿಡಿದು ಕಳಿಸಿ, ಈಗ ಅದು ಅಳಿವಿನಂಚಿನ ಪಟ್ಟಿಯಲ್ಲಿದೆ. ನಮಗೆ ಅದರ ಹೆಸರೇ ಗೊತ್ತಿಲ್ಲ. ಹಿತ್ತಲ ಗಿಡ ಮದ್ದಲ್ಲ. ಅಂಗಡಿಯಲ್ಲಿ ಬೆಲೆ ಕೇಳಿದೆ, ಆರು ಬೇಕು, ಗುಂಪಿನಲ್ಲೇ ಇರಬೇಕು ಅಂದರು. ನೋಡಿಕೊಂಡು ಬಂದೆ. ತೊರೆಯಲ್ಲಿ ಓಡುವ ಮೀನು ಅದು, ನಮ್ಮ ಊಟದ ಮೇಜಿನ ಪಕ್ಕ ಅದಕ್ಕೇನು ಕೆಲಸ.

ಸತ್ತರೆ ಏನು ಮಾಡುತ್ತೀರಿ?

ಕರಿಬೇವಿನ ಕುಂಡದಲ್ಲಿ ಹೂಳುತ್ತೇವೆ. ತುಳಸಿ ಕಟ್ಟೆಗೆ ಅತ್ತೆ ಒಪ್ಪಲಿಲ್ಲ. ಮೊದಲ ಪುಟ್ಟಿ ಸತ್ತಾಗ ಮಗನಿಗೆ ಒಂಬತ್ತು ವರ್ಷ, ಅವನು ಶಾಲೆಯಿಂದ ಬರುವುದರೊಳಗೆ ಅದೇ ಬಣ್ಣದ ಇನ್ನೊಂದು ತಂದು ಬಿಟ್ಟಿದ್ದೆ. ಅವನು ಬಂದು, ಬ್ಯಾಗ್ ಇಳಿಸಿ, ಐದು ನಿಮಿಷ ನೋಡಿದ. ಏನೂ ಅನ್ನಲಿಲ್ಲ. ಮೂರು ವರ್ಷವಾದ ಮೇಲೆ ಮೊನ್ನೆ ಊಟ ಮಾಡುವಾಗ, ‘ಅಮ್ಮಾ, ಮೊದಲಿನ ಪುಟ್ಟಿಗೆ ಬಾಲದ ಹತ್ತಿರ ಬಿಳಿ ಮಚ್ಚೆ ಇತ್ತಲ್ವಾ?’ ಅಂದ. ಮತ್ತೆ ಸಾರು ಬಡಿಸಿಕೊಂಡ.

ಕರಿಬೇವು ಮಾತ್ರ ಭರ್ಜರಿಯಾಗಿ ಬಂದಿದೆ. ಹೋಗುವಾಗ ನೆನಪಿಸಿ, ಎರಡು ಎಸಳು ಕಿತ್ತು ಕೊಡುತ್ತೇನೆ.

ದಿನಾ ಅದನ್ನೇ ನೋಡುತ್ತಾ ಕೂರಲು ಬೇಜಾರಾಗಲ್ವಾ?

ಇದನ್ನು ಕೇಳುವವರು ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಅದನ್ನೇ ನೋಡುತ್ತಾ ಕೂತಿರ್ತಾರೆ.

ಅಕ್ಕಾ, ಇದು ನಿಜವಾದ ಮೀನಾ?

ಕೊರಿಯರ್ ಹುಡುಗ ಕೇಳಿದ್ದು, ಬಾಗಿಲ ಹೊರಗಿಂದ. ಹೆಲ್ಮೆಟ್ ತೆಗೆದಿರಲಿಲ್ಲ, ಬೆನ್ನ ಮೇಲೆ ದೊಡ್ಡ ಚೀಲ. ಹೌದಪ್ಪ ಅಂದೆ. ಗುಂಡ ಎಂದಿನಂತೆ ಗಾಜಿನ ಹತ್ತಿರ ಬಂದು ಬಾಯಿ ಬಾಯಿ ಬಿಟ್ಟ. ‘ಹಸಿವಾಗಿದೆ ಅನ್ಸುತ್ತೆ ಅಕ್ಕ’ ಅಂದ. ಇಲ್ಲಪ್ಪ, ಈಗಷ್ಟೇ ಹಾಕಿದ್ದೀನಿ. ನೀನು ಊಟ ಮಾಡಿದ್ಯಾ ಅಂದೆ. ಇನ್ನೂ ಇಲ್ಲ, ಹನ್ನೊಂದು ಮನೆ ಬಾಕಿ ಇದೆ ಅಂದ. ಆದರೂ ಅಲ್ಲೇ ನಿಂತು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಚೀಲ ಸರಿ ಮಾಡಿಕೊಂಡು ಮೆಟ್ಟಿಲಿಳಿದು ಹೋದ. ಎರಡು ನಿಮಿಷಕ್ಕೆ ಮತ್ತೆ ಬೆಲ್. ಪಾರ್ಸೆಲ್ ಕೊಡುವುದೇ ಮರೆತಿದ್ದ.